ಕೊನೇ ತೂಬು

ಹದಿನೇಳನೇ ತೂಬಿನ ಕೀಲಿ ನನ್ನ ಸೊಂಟದಲ್ಲಿ
ಇಪ್ಪತ್ತಾರು ವರ್ಷ.
ಅದರ ತುಕ್ಕು ಉಡಿದಾರಕ್ಕೂ ಇಳಿದಿದೆ, ಚರ್ಮಕ್ಕೂ.
ಕೆಲಸದ ಹೆಸರು ಸೌಡಿ. ನೀರು ಬಿಡೋನು, ನೀರು ಕಟ್ಟೋನು,
ಎರಡಕ್ಕೂ ಬೈಸಿಕೊಳ್ಳೋನು.

ಮನುಷ್ಯ ಒಳ್ಳೆಯವನಾ ಕೆಟ್ಟವನಾ ಅಂತ
ಮಂಡ್ಯದ ಕಾಲೇಜಿಂದ ಬಂದ ಹುಡುಗಿ ಕೇಳಿದಳು,
ಮಡಿಲಲ್ಲಿ ಪ್ರಶ್ನೆಗಳ ಹಾಳೆ, ಪೆನ್ನಿನ ಮುಚ್ಚಳ ಬಾಯಲ್ಲಿ.
ಎಷ್ಟು ಗಂಟೆಗೆ ತಾಯಿ, ಅಂದೆ.
ಹಗಲು ಹನ್ನೊಂದಕ್ಕೆ ಎಲ್ಲರೂ ಒಳ್ಳೆಯವರೇ.
ರಾತ್ರಿ ಎರಡಕ್ಕೆ ಏರಿಯ ಮೇಲೆ ಬಂದು ನೋಡು.

ರಾತ್ರಿ ಎರಡಕ್ಕೆ
ಟಾರ್ಚು ಆರಿಸಿಕೊಂಡು ಬರುತ್ತಾನೆ ಬಿಳಿಗೌಡರ ನಂಜೇಶ,
ಮಗಳ ಮದುವೆಯಲ್ಲಿ ನನ್ನ ಕೈಹಿಡಿದು ಮೊದಲ ಪಂಕ್ತಿಗೆ ಕೂರಿಸಿದವನು,
ಸಾಕು ಸಾಕೆಂದರೂ ಎರಡು ಸಲ ಪಾಯಸ ಬಿಟ್ಟವನು.
ಮೂರು ಕಲ್ಲು, ಒಂದು ಗೋಣಿಚೀಲ, ಒಂದು ತಬ್ಬು ಬಾಳೆಪಟ್ಟೆ.
ಕಾಲುವೆಯ ಕತ್ತು ಅವನ ಗದ್ದೆಯ ಕಡೆ ಹೊರಳುತ್ತದೆ.
ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ಅವನೇ ಅನ್ನುತ್ತಾನೆ,
"ಜನ ಕೆಟ್ಟೋಗವ್ರೆ ಕಣಣ್ಣ."
ನಾಟಕವಲ್ಲ. ಅವನ ಕಣ್ಣಲ್ಲಿ ನಿಜವಾಗಿ ನೀರಾಡುತ್ತದೆ.

ನಾನೇನು ಕಮ್ಮಿ.
ನನ್ನ ಪೈರು ಹೊಡೆ ಕಟ್ಟುವ ಕಾಲ, ನೆಲ ಬಿರಿಯುತ್ತಿತ್ತು.
ಕದಿಯಲು ನನಗೆ ಕಲ್ಲೂ ಬೇಕಿರಲಿಲ್ಲ.
ಕೀಲಿಯನ್ನು ಎರಡು ಸುತ್ತು ಜಾಸ್ತಿ ತಿರುಗಿಸಿದೆ, ಅಷ್ಟೇ.
ಕಪ್ಪೆಗಳು ಒಂದು ಗಳಿಗೆ ಸುಮ್ಮನಾದವು,
ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು.

ಮೂರನೇ ದಿನ ಪುಟ್ಟಸಿದ್ದಮ್ಮ ಬಂದಳು,
ಕೊನೇ ತೂಬಿನ ಊರಿಂದ, ಏರಿಗುಂಟ
ಹನ್ನೊಂದು ಕಿಲೋಮೀಟರು ನಡೆದು.
ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ
ತನ್ನ ಗದ್ದೆಯ ಒಂದು ಹೆಂಟೆ ನನ್ನ ಅಂಗೈಗಿಟ್ಟಳು.
"ನಿನ್ ತಾವೇ ಇರ್ಲಿ ಮಗ. ನೆಂದ್ ಮ್ಯಾಲೆ ಕೊಡು."

ಆ ಹೆಂಟೆ ತೂಬಿನ ಕಟ್ಟೆಯ ಗೂಡಿನಲ್ಲಿತ್ತು, ಬಹಳ ದಿನ.

ಆಮೇಲೆ ಸೊಸೈಟಿ ಕಟ್ಟಡದಲ್ಲಿ ಸಭೆ.
ಬೀಡಿ ಹೊಗೆ, ಅಪ್ಪ ಅಜ್ಜಂದಿರ ಬೈಗುಳ, ಒಂದು ಮುರಿದ ಕುರ್ಚಿ.
ಕಡೆಗೆ ಅವಳೇ ಎದ್ದಳು:
"ಒಂದೇ ಒಂದ್ ಬೆಳೆ ಕೆಳಗಿಂದ ಮ್ಯಾಲಕ್ ಬುಟ್ ನೋಡ್ರಪ್ಪ."
ಅಂದರೆ ಮೊದಲು ಕೊನೆಯವರ ಗದ್ದೆ ನೆನೆಯಬೇಕು,
ಆಮೇಲೆ ಅದರ ಮೇಲಿನದು, ಅದರ ಮೇಲಿನದು,
ಎಲ್ಲರಿಗಿಂತ ಕಡೆಗೆ ನಂಜೇಶ, ನಾನು.
ಯಾಕೆ ಒಪ್ಪಿದರೋ, ಇವತ್ತಿಗೂ ತಿಳಿಯದು. ಊಟದ ಹೊತ್ತಾಗಿತ್ತು.

ಆ ವರ್ಷವೂ ರಾತ್ರಿ ಎರಡಕ್ಕೆ ನಂಜೇಶ ಏರಿಯ ಮೇಲಿದ್ದ.
ಟಾರ್ಚು ಉರಿಯುತ್ತಿತ್ತು. ಕೈಯಲ್ಲಿ ದೊಣ್ಣೆ.
ಯಾವನಾದರೂ ನಡುವೆ ಕಲ್ಲಿಟ್ಟನೋ ನೋಡುತ್ತಾ,
ಕೆಳಗಿನವರದು ಬೇಗ ಮುಗಿದು ತನ್ನದು ಬರಲೆಂದು
ಹನ್ನೊಂದು ಕಿಲೋಮೀಟರು ಕಾಲುವೆ ಕಾದ.
ನಂಜೇಶ ಬದಲಾಗಲಿಲ್ಲ. ಸರದಿ ಬದಲಾಯಿತು.
ಅದೇ ಆಸೆ, ಅದೇ ಎರಡು ಗಂಟೆ, ಅದೇ ಚಪ್ಪಲಿ.

ಚೆನ್ನಾಗಿದೆ ಎಂದು ಹುಡುಗಿ ಬರೆದುಕೊಂಡಳು.
ಪೂರ್ತಿ ಬರಿ ತಾಯಿ, ಅಂದೆ.
ಮೂರನೇ ವರ್ಷ ಯಾರೋ ಏರಿ ಕೊರೆದರು. ಮುಚ್ಚಿದೆವು.
ಮತ್ತೆ ಕೊರೆದರು. ಮೊನ್ನೆ ಮಂಗಳವಾರ ಮತ್ತೆ ಮುಚ್ಚಿದೆವು.

ಹಾಳೆಯ ಕಡೇ ಪ್ರಶ್ನೆ: ಮನುಕುಲಕ್ಕೆ ಮುಂದೆ ಒಳ್ಳೆಯ ಕಾಲವಿದೆಯೆ?
ಹೌದು. ಇಲ್ಲ. ಹೇಳಲಾಗದು.
ಮೂರು ಪುಟ್ಟ ಚೌಕ.

ನನಗೆ ಇನ್ನೂ ಹುಟ್ಟದವರ ನೆನಪಾಯಿತು.
ಎಲ್ಲ ಊರಿಗಿಂತ ಕೆಳಗೆ ಅವರ ಊರು.
ಅವರಿಗೆ ಸೆರಗಿಲ್ಲ, ಸೆರಗಿಗೆ ಗಂಟಿಲ್ಲ,
ಹೆಂಟೆ ಹೊತ್ತು ನಡೆದು ಬರಲು ಕಾಲು ಮೂಡಿಲ್ಲ.
ನಾವು ಎರಡು ಸುತ್ತು ಜಾಸ್ತಿ ತಿರುಗಿಸಿದರೆ
ಕಪ್ಪೆಗಳಿಗೂ ಗೊತ್ತಾಗುವುದಿಲ್ಲ.

ನೀರು ಬಿಟ್ಟು ಎರಡು ತಾಸಾಗಿದೆ, ಅಂದೆ.
ಕೊನೇ ತೂಬು ಮುಟ್ಟಲು ಇನ್ನೂ ಆರೇಳು ತಾಸು ಬೇಕು.
ಮುಟ್ಟಿದರೆ ಪುಟ್ಟಸಿದ್ದಮ್ಮನ ಮೊಮ್ಮಗ ಫೋನು ಮಾಡುತ್ತಾನೆ.
ಕೂತಿರು. ಚೌಕ ಆಮೇಲೆ ತುಂಬೋಣ.

ಹುಡುಗಿಗೆ ಐದೂವರೆಯ ಬಸ್ಸಿತ್ತು.
ಹಾಳೆ ನನ್ನ ಕೈಗೇ ಕೊಟ್ಟು ಹೋದಳು.
ಹೆಂಟೆಯಿದ್ದ ಗೂಡಿನಲ್ಲಿ ಅದನ್ನು ಮಡಿಸಿಟ್ಟು
ಕೀಲಿ ಸರಿಯಾಗಿದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿದೆ.