ಎಂ.ಒ. ಮೂರು

ವಿದ್ಯಾನಗರದ ಕೋರ್ಟಿನ ಹಿಂಬದಿ ಕೋಣೆಗೆ
ಒಂದೇ ಕಿಟಕಿ, ಅದೂ ಪಡುವಣಕ್ಕೆ.
ಎರಡು ಮೈಲು ಆಚೆಯ ಕಡಲು
ದಿನಾ ಮಧ್ಯಾಹ್ನ ಅಲ್ಲಿಂದ ಬಂದು ಹೋಗುತ್ತದೆ
ರಿಜಿಸ್ಟರಿಗೆ ಸಹಿ ಹಾಕದೆ.

ಬೀಗದ ಕೈ ನನ್ನಲ್ಲಿ. ಹದಿನಾಲ್ಕು ವರ್ಷವಾಯಿತು.
ಕಬ್ಬಿಣದ ಕಪಾಟಿನೊಳಗೆ ಕತ್ತಿ, ಚೂರಿ, ಪೀಶಕತ್ತಿ,
ಒಂದೊಂದರ ಕುತ್ತಿಗೆಗೂ ನೂಲು, ನೂಲಿಗೆ ಚೀಟಿ, ಚೀಟಿಗೆ ಅರಗು.
ಶಾಯಿಯಲ್ಲಿ ಮಲಯಾಳ, ಅದರಡಿ
ಪೆನ್ಸಿಲಿನಲ್ಲಿ ನನ್ನ ಸಣ್ಣ ಕನ್ನಡ,
ಕರೆದಾಗ ಬೇಗ ಸಿಗಲಿ ಅಂತ.

ಕಸಬ ಕಡಪ್ಪುರದಲ್ಲಿ ನನ್ನ ಚಿಕ್ಕಮ್ಮ
ಬೋಟು ನಿಂತ ಐವತ್ತೆರಡು ದಿನಕ್ಕೆ
ಮೀನಿನ ಕತ್ತಿಯನ್ನು ಮಲಗಿಸುವುದು ಬೇರೆಯೇ ಥರ.
ಬೂದಿ ಹಾಕಿ ಉಜ್ಜಿ, ಬೆಂಕಿಯ ಹತ್ತಿರ ಹಿಡಿದು,
ಬೆರಳಿಗೆ ಬಿಸಿ ತಾಗಿದ ಮೇಲೆಯೇ ಎಣ್ಣೆ.
ಸುರಿಯಬಾರದು. ರೆಪ್ಪೆಗೆ ಸವರಿದಷ್ಟು.
ಚರ್ಮದ ಒರೆ ಬೇಡವೇ ಬೇಡ, ಅದು ಬೆವರುತ್ತದೆ ಅನ್ನುತ್ತಾಳೆ.
ಪೇಪರು ಸುತ್ತಿ, ಉಮಿ ತುಂಬಿದ ಡಬ್ಬಿಯಲ್ಲಿಟ್ಟು
ವಾರಕ್ಕೊಮ್ಮೆ ಎಬ್ಬಿಸಿ ನೋಡುತ್ತಾಳೆ.

ನನ್ನಲ್ಲಿ ಹಾಗಿಲ್ಲ.
ಒರೆಸಿದರೆ ಸಾಕ್ಷಿ ಹೋಗುತ್ತದೆ,
ಎಣ್ಣೆ ಹಚ್ಚಿದರೆ ನನ್ನ ಕೆಲಸ.

ಎಂ.ಒ. ಮೂರು:
ಕೊರಗಪ್ಪ ಬೆಲ್ಚಡರ ಮೂರ್ತೆಕತ್ತಿ.
ಬಂದ ದಿನ ಅದರ ಅಲಗಿನಲ್ಲಿ
ನನ್ನ ಕನ್ನಡಕ ಕಂಡಿತ್ತು, ಕನ್ನಡಕದಲ್ಲಿ ಕಿಟಕಿ.
ಹಿಡಿಯ ಹತ್ತಿರ ಒಂದು ಕಲೆ.
ಆವತ್ತು ಎಲ್ಲರಿಗೂ ಬೇಕಿದ್ದದ್ದು ಆ ಕಲೆ ಮಾತ್ರ.

ಮೊದಲ ಮಳೆಗೆ ಎಳ್ಳಿನಷ್ಟು.
ಮೂರನೆಯ ಮಳೆಗೆ ಹರಳಿನಷ್ಟು.
ಆಮೇಲೆ ಕಲೆ ಯಾವುದು, ತುಕ್ಕು ಯಾವುದು,
ನಾನು ನೋಡುವುದನ್ನೇ ಬಿಟ್ಟೆ.

ಬಿಟ್ಟೆ ಅಂದರೆ ಸುಳ್ಳು.
ಮಗಳ ಶಾಲೆ ಬೂಟಿನ ಪೆಟ್ಟಿಗೆಯಲ್ಲಿ
ತೇವ ಹೀರುವ ಸಣ್ಣ ಪೊಟ್ಟಣ ಇರುತ್ತದಲ್ಲ,
ವರ್ಷಕ್ಕೊಂದು ತಂದು ಕಪಾಟಿನ ಮೂಲೆಯಲ್ಲಿಡುತ್ತಿದ್ದೆ,
ಯಾರ ಅಪ್ಪಣೆಯೂ ಇಲ್ಲದೆ.
ಕಡಲಿನ ಎದುರು ಒಂದು ಚಿಟಿಕೆ ಹರಳು.

ಹನ್ನೊಂದನೆಯ ವರ್ಷ ವಿಚಾರಣೆ.
ಒಬ್ಬ ಸಾಕ್ಷಿ ಕುವೈತಿನಲ್ಲಿ, ಒಬ್ಬ ಮಣ್ಣಿನಲ್ಲಿ.
ಉಳಿದವನ ಮುಂದೆ ಬಟ್ಟೆ ಬಿಚ್ಚಿ ಹಿಡಿದೆ.
ಇದೇನಾ ಆ ಕತ್ತಿ?
ಅವನು ಬಗ್ಗಿ ನೋಡಿದ, ತುಂಬ ಹೊತ್ತು.
"ಅದು ಹೊಳೆಯುತ್ತಿತ್ತು ಸ್ವಾಮೀ."

ಬಿಡುಗಡೆ.
ರಾತ್ರಿ ಅನ್ನ ಕಲಸುತ್ತಾ ನನಗೆ ಹೊಳೆದದ್ದು:
ಆ ಪೊಟ್ಟಣಗಳು ಕೆಲಸ ಮಾಡಿದ್ದರೆ?

ಅಪೀಲಿನ ಅವಧಿ ಮುಗಿದ ಮಾರನೆಯ ವಾರ ಅವರು ಬಂದರು,
ಕಂಕುಳಲ್ಲಿ ಕತ್ತಿ ಮಸೆಯುವ ಪಾಲೆಯ ಹಲಗೆ,
ಅಂಗಿಯ ಕಿಸೆಯಲ್ಲಿ ಕೆಮ್ಮಿನ ಔಷಧಿಯ ಹಳೇ ಸೀಸೆ.
ಸೀಸೆಯಲ್ಲಿ ತೆಂಗಿನೆಣ್ಣೆ, ಚಳಿಗೆ ಅರ್ಧ ಹೆಪ್ಪುಗಟ್ಟಿತ್ತು.

ಅರಗು ಒಡೆದೆ. ನೂಲು ಕತ್ತರಿಸಿದೆ.
ಅವರು ಕತ್ತಿಯನ್ನು ಮೂಸಿದರು.
ಉಗುರಿನಲ್ಲಿ ಒಮ್ಮೆ ತಟ್ಟಿ ಕಿವಿಗೆ ಹಿಡಿದರು.
"ಮೊದಲಿನ ಸ್ವರ ಇಲ್ಲ.
ಕೊಂಬಿನ ತುದಿ ಸೀಳುವಷ್ಟು ಉಂಟು ಒಳಗೆ."
ಮತ್ತೆ ನನ್ನ ಮುಖ ನೋಡಿ,
"ಒಂದು ತೊಟ್ಟು ಎಣ್ಣೆ ಹಾಕಲಿಕ್ಕೆ ಎಂತ ಕಷ್ಟ ನಿಮಗೆ?"

ಕಾನೂನಿಲ್ಲ ಅಂದೆ.
ಮೊದಲ ಸಲ ನಕ್ಕರು. ಯಾವುದಕ್ಕೆ
ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಲ್ಲೇ ಮೆಟ್ಟಿಲಿನ ಮೇಲೆ ಕೂತು
ಬೆಣಚುಕಲ್ಲಿನ ಪುಡಿ ಉದುರಿಸಿ ಹಲಗೆಗೆ ಉಜ್ಜಿದರು,
ಹೋಗುವುದು, ಬರುವುದು, ಹೋಗುವುದು,
ಜಾಮೀನಿಗೆ ಕಾದು ನಿಂತವರೆಲ್ಲ ತಿರುಗಿ ನೋಡುವ ಹಾಗೆ.
ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಬಂತು.
ಅದಕ್ಕೆ ಬೆರಳಿನಿಂದ ಎಣ್ಣೆ ಸವರಿದರು,
ರೆಪ್ಪೆಗೆ ಸವರಿದಷ್ಟೇ.

ರಿಜಿಸ್ಟರಿನಲ್ಲಿ ಅವರ ಹೆಸರಿನ ಎದುರು
ಹೆಬ್ಬೆಟ್ಟಿನ ನೀಲಿಯ ಸುತ್ತ ಕೆಂಪು ಹುಡಿ.
ನಾನು ಒರೆಸಲಿಲ್ಲ.
ಅಭ್ಯಾಸ.