ಮೂವತ್ತು ದಿನದೊಳಗೆ

ಕಾಗದ ಅಂಟಿಸಿದ್ದು ಆಚೆ ದಡದಲ್ಲಿ,
ಹಾಲಿನ ಡೈರಿ ಗೋಡೆಗೆ. ಆಷಾಢದ ಕೊನೆ ವಾರ.
ಕನ್ನಂಬಾಡಿ ಕಟ್ಟೆ ತುಂಬಿತ್ತು.
ಸೈರನ್ ಮೂರು ಸಲ ಕೂಗಿತು,
ನೀರು ಬಿಟ್ಟರು.

ಅಲ್ಲಿಂದ ಮೂವತ್ನಾಲ್ಕು ದಿನ
ಹೊಂಗೆತಿಟ್ಟಿನಿಂದ ಯಾರೂ ದಾಟಲಿಲ್ಲ.
ಹರಿಗೋಲನ್ನು ಬೋರಲು ಹಾಕಿ
ಮಂಚಮ್ಮತ್ತೆ ಅದರ ಕೆಳಗೆ ಕೋಳಿ ಮುಚ್ಚಿದಳು.
ಉಪ್ಪು ಮುಗಿಯಿತು, ಎಲೆಯಡಿಕೆ ಮುಗಿಯಿತು,
ಕರಿಗಂಗಯ್ಯನ ಬೀಡಿ ಮುಗಿದ ಮೇಲೆ
ಅವನ ಬಾಯಿಂದ ಊರಿಗೇ ನೆಮ್ಮದಿ ಇಲ್ಲದಾಯಿತು.

ನೀರು ಇಳಿದಾಗ ನಾನು ಹೋಗಿ ಓದಿದೆ.
ಅರ್ಧ ಮಳೆ ತಿಂದಿತ್ತು. ಉಳಿದರ್ಧ ಇಷ್ಟು:
ಸದರಿ ನಡುಗಡ್ಡೆ ಇನ್ನು ಪಕ್ಷಿಗಳ ಸಲುವಾಗಿ.
ಒಲೆ ಹೊತ್ತಿಸುವಂತಿಲ್ಲ, ಬಲೆ ಬೀಸುವಂತಿಲ್ಲ,
ಹರಿಗೋಲು ಇಳಿಸುವಂತಿಲ್ಲ.
ಬೆಳ್ಳಕ್ಕಿ ಆರುನೂರ ಹನ್ನೆರಡು.
ಚಮಚಕೊಕ್ಕು ಎಂಬತ್ತೇಳು.
ಜನವಸತಿ: ಇರುವುದಿಲ್ಲ.
ತಕರಾರು ಇದ್ದವರು ಮೂವತ್ತು ದಿನದೊಳಗೆ.

ಓದಿ ಹೇಳಿದಾಗ ಮೊದಲು ಯಾರೂ ಸಿಟ್ಟಾಗಲಿಲ್ಲ.
"ಬೆಳ್ಳಕ್ಕಿ ಲೆಕ್ಕ ತಪ್ಪು ಕನ" ಅಂದ ಕರಿಗಂಗಯ್ಯ,
"ಅತ್ತಿಮರದ ಹಿಂದ್ಲವ್ನ ಎಣಿಸೇ ಇಲ್ಲ."
ಗೂಡಿಂದ ಬಿದ್ದ ಮರಿಯನ್ನು
ಮೊರದಲ್ಲಿಟ್ಟು, ದೋಟಿಗೆ ಕಟ್ಟಿ, ಮೇಲೇರಿಸುವ ಹುಡುಗರು
ತಮ್ಮ ಹೆಸರು ಯಾವ ಸಾಲಲ್ಲಿದೆ ಎಂದರು.
ನಾನು ಬರೆದುಕೊಂಡ ಚೀಟಿ ಮಡಚಿದೆ.

ರಾತ್ರಿ ಕತ್ತಲಲ್ಲಿ ಅತ್ತೆಯ ದನಿ:
"ನೀರ್ ಬುಡಕ್ ಮುಂಚೆ ಮೂರ್ ಸಾರಿ ಕೂಗಿಸ್ತಾರೆ.
ಎಮ್ಮೆ ಕರ ಮೇಲಕ್ಕೆ ಹೊಡ್ಕಳಿ ಅಂತಾರೆ.
ಈ ಕಾಗ್ದ ಬುಡವಾಗ
ಒಂದ್ ಸಾರಿನಾದ್ರೂ ಕೂಗಿಸ್ಬೋದಿತ್ತಲ್ವ?"

ಗೌರಿಹಬ್ಬ ಕಳೆದು ಬಂದರು,
ನಾಲ್ಕು ಜನ, ಒಂದು ಅಳತೆ ಟೇಪು, ಒಂದು ಫೈಲು.
ಇಲಾಖೆಯ ದೋಣಿ ಮೈಸೂರಲ್ಲಿ ರಿಪೇರಿಗೆ ಬಿಟ್ಟಿತ್ತಂತೆ.
ಹರಿಗೋಲು ನಿಷೇಧ ಎಂದು ಹೇಳಲು
ಹರಿಗೋಲಿಗೇ ಕೈ ಬೀಸಿದರು.

ನಡುನೀರಲ್ಲಿ ದೊಡ್ಡ ಸಾಹೇಬರು ಕೇಳಿದರು:
"ನೀವು ಇಲ್ಲಿಯವರೇ ಅನ್ನೋದಕ್ಕೆ
ಹುಟ್ಟಿನ ದಾಖಲೆ ಏನಾದರೂ ಇದೆಯೇನಮ್ಮ?"
"ಹುಟ್ಟಾ?" ಅತ್ತೆ ಕೈಯಲ್ಲಿದ್ದ ಹುಟ್ಟನ್ನು
ನೀರಿಂದ ಮೇಲೆತ್ತಿ ತೋರಿಸಿದಳು.
"ಇದೇ ಕನಪ್ಪ ನಮ್ ಹುಟ್ಟು. ನಮ್ಮಪ್ಪಂದು.
ಅದ್ಕೂ ಮುಂಚೆ ಅವ್ರಪ್ಪಂದು.
ಹಿಡಿ ಎಂಗ್ ಸವೆದದೆ ನೋಡು."
ಹುಟ್ಟು ಮೇಲಿದ್ದಷ್ಟು ಹೊತ್ತು
ನದಿ ತನ್ನ ಪಾಡಿಗೆ ನಮ್ಮನ್ನು ತಿರುಗಿಸಿತು,
ಒಂದು ಸುತ್ತು, ಇನ್ನರ್ಧ.
ಇಲಾಖೆಯವರು ಒಬ್ಬರನ್ನೊಬ್ಬರು ಹಿಡಿದುಕೊಂಡರು,
ಫೈಲು ಒದ್ದೆಯಾಯಿತು.
ಬೇಕೆಂದೇ ಮಾಡಿದಳೋ ಏನೋ, ನಾನು ಇವತ್ತಿಗೂ ಕೇಳಿಲ್ಲ.

ಇಳಿಯುವಾಗ ಪುಸ್ತಕ ಚಾಚಿದೆ.
ಹರಿಗೋಲಿನ ಪುಸ್ತಕ, ಹತ್ತಿದವರೆಲ್ಲ ಬರೆಯಬೇಕು:
ಹೆಸರು, ಎಷ್ಟು ಜನ, ಎಲ್ಲಿಂದ, ಎಲ್ಲಿಗೆ.
ಮುಳುಗಿದರೆ ಯಾರ ಮನೆಗೆ ಹೇಳಿಕಳಿಸಬೇಕೆಂದು ಇಟ್ಟದ್ದು.
ಸರ್ವೆಯವರು, ಇನ್ನೂ ಚಿಕ್ಕ ವಯಸ್ಸು,
ಒಂದು ಕೈಲಿ ಪ್ಯಾಂಟು ಹಿಂಡುತ್ತ ಬರೆದರು:
ಎಲ್ಲಿಗೆ: ಹೊಂಗೆತಿಟ್ಟು.
ಸಹಿ, ತಾರೀಖು.
ಮಹಜರಿಗೆಂದು ತಂದಿದ್ದ ಮೊಹರನ್ನೂ
ಅಭ್ಯಾಸಬಲದಿಂದ ಒತ್ತಿಬಿಟ್ಟರು.

ಆ ಪುಟದ ಜೆರಾಕ್ಸು ಪಟ್ಟಣದಲ್ಲಿ
ನಲವತ್ತೊಂದು ಮಾಡಿಸಿದ್ದೇವೆ, ಮನೆಗೊಂದು,
ತಕರಾರು ಅರ್ಜಿಯ ಹಿಂದೆ ಪಿನ್ನು ಹೊಡೆದು.
ದಿನ ಮೀರಿದೆ ಎಂದು ಮಂಡ್ಯದ ಟಪಾಲಿನವರು
ಇನ್ನೂ ಕೈಗೆ ತೆಗೆದುಕೊಂಡಿಲ್ಲ.
ಸೋಮವಾರ ಮತ್ತೆ ಹೋಗುತ್ತೇವೆ.

ಬಾಡಿಗೆ ತಲೆಗೆ ಹದಿನೈದು, ಒಟ್ಟು ಅರವತ್ತು.
ನೂರರ ನೋಟು ಕೊಟ್ಟರು, ಚಿಲ್ಲರೆ ಇರಲಿಲ್ಲ.
"ಸರ್ಕಾರಕ್ಕೆ ನಲವತ್ತು ಬಾಕಿ ಅಂತ ಬರ್ಕೊ" ಅಂದಳು ಅತ್ತೆ,
"ನಾಳೆ ನಮ್ ಮೇಲೆ
ಯಾವ ತಕರಾರೂ ಬರಬಾರ್ದು."