ಹದಿನಾಲ್ಕು ಮಿಲಿಮೀಟರ್

ಹೆರೆಫರ್ಡಿನ ಹಿಂಬೀದಿಯಲ್ಲಿ ನಮ್ಮ ಪ್ರಯೋಗಾಲಯ,
ಕೆಳಗೆ ಟೈರಿನಂಗಡಿ. ಮಂಗಳವಾರ ಬೆಳಿಗ್ಗೆ
ಮಿಸೆಸ್ ಪ್ರೋಸರ್ ತಂದಳು, ಐಸ್‌ಕ್ರೀಮ್ ಡಬ್ಬಿಯಲ್ಲಿ
ಮೂರು ಸತ್ತ ಮರಿ. ಮೇಲೊಂದು ಚೀಟಿ:
"ನಾಲ್ಕನೇ ಶೆಡ್ಡು. ಎಂಟನೇ ದಿನ. ವಾಸನೆಗೆ ಕ್ಷಮಿಸಿ."

ಈಲಿಗೆ ಕಡ್ಡಿ ತಾಗಿಸಿ ತಟ್ಟೆಯ ಮೇಲೆ ಬಿತ್ತಿದೆ.
ಬಿತ್ತನೆಯೇ ಅದು. ರಾತ್ರಿಯಿಡೀ
ಮೂವತ್ತೇಳು ಡಿಗ್ರಿಯ ಬೆಚ್ಚಗೆ, ಬೆಳಗಾದರೆ ಬೆಳೆ.
ನಡುನಡುವೆ ಔಷಧಿಯ ಬಿಲ್ಲೆ ಇಟ್ಟರೆ
ಹಿಂದೆಲ್ಲ ಸುತ್ತ ಬಯಲಾಗುತ್ತಿತ್ತು,
ಚಂದಿರನ ಸುತ್ತ ಬಳೆ ಕಟ್ಟಿದಂತೆ.
ಈಗಿನವು ಬಿಲ್ಲೆಯ ಅಂಚಿಗೇ ಬಂದು ಮೇಯುತ್ತವೆ,
ಬೇಲಿ ಮುರಿದದ್ದು ಗೊತ್ತಿರುವ ದನಗಳಂತೆ.
ಮೊದಲನೆಯದು ಸೊನ್ನೆ. ಎರಡನೆಯದು ಸೊನ್ನೆ.
ಐದನೆಯದಕ್ಕೆ ಸ್ಕೇಲು ಹಿಡಿಯುವುದನ್ನೇ ಬಿಟ್ಟೆ.

ಒಂದು ಸೀನಿದರೆ ಮೂವತ್ತು ಸಾವಿರಕ್ಕೂ
ನೀರಿನ ಕೊಳವೆಯಲ್ಲಿ ಮದ್ದು.
ಅವಳೊಬ್ಬಳದೇ ತಪ್ಪಲ್ಲ, ವೈ ನದಿಯ ಎರಡೂ ದಂಡೆಗೆ
ಎಲ್ಲರೂ ಹಾಗೆಯೇ ಮಾಡಿದವರು.
ಸಾಯದೆ ಉಳಿದದ್ದು ಪಾಠ ಕಲಿಯಿತು,
ತನ್ನ ಮಕ್ಕಳಿಗೂ ಹೇಳಿಕೊಟ್ಟಿತು.

ಆಮೇಲೆ, ಯಾರೂ ಹೇಳದೆಯೇ,
ಮೆಟ್ಟಿಲ ಕಿಟಕಿಯ ದೊಡ್ಡಪತ್ರೆ ಕಣ್ಣಿಗೆ ಬಿತ್ತು.
ಲೆಸ್ಟರಿನ ತರಕಾರಿಯಂಗಡಿಯವಳು ಕೊಟ್ಟ ಕಡ್ಡಿ,
ರೇಡಿಯೇಟರಿನ ಪಕ್ಕ ಎರಡು ಚಳಿಗಾಲ ಕಳೆದಿದೆ.
ಹಿತ್ತಲ ಗಿಡ ಮದ್ದಲ್ಲ ಅಂದವರಿಗೆ
ಹಿತ್ತಲಾದರೂ ಇತ್ತು.

ಎಲೆ ಒಣಗಿಸಿ, ಪುಡಿ ಮಾಡಿ, ಮದ್ಯಸಾರದಲ್ಲಿ ನೆನೆಸಿ,
ಸೋಸಿ, ಬತ್ತಿಸಿ, ಕೊನೆಗೆ ಉಳಿದದ್ದು
ಅರ್ಧ ಚಮಚ ಜಿಗುಟು, ಕಂದೂ ಅಲ್ಲ ಹಸಿರೂ ಅಲ್ಲ.
ಅಷ್ಟೆಲೆಗೆ ಇಬ್ಬರಿಗಾಗುವಷ್ಟು ತಂಬುಳಿಯಾಗುತ್ತಿತ್ತು.
ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ ಅನ್ನುತ್ತಾರಲ್ಲ,
ನಾನು ಕೇಳಿದೆ.
ಡಬ್ಬಿಯಲ್ಲಿದ್ದವು ಮಾತಾಡಲಿಲ್ಲ.

ಬುಧವಾರ ಏನೂ ಇಲ್ಲ. ಗುರುವಾರದ ತಟ್ಟೆಗೆ ಬೂಷ್ಟು.
ಶುಕ್ರವಾರ ಮುಚ್ಚಳ ತೆಗೆದು ಬೆಳಕಿಗೆ ಹಿಡಿದೆ:
ಬಯಲು.
ಗುಂಡಗೆ, ತಿಳಿಯಾಗಿ,
ಉದ್ದಕ್ಕೆ ಅಳೆದರೂ ಅಡ್ಡಕ್ಕೆ ಅಳೆದರೂ ಹದಿನಾಲ್ಕು ಮಿಲಿಮೀಟರ್.
ನನ್ನ ಹೆಬ್ಬೆರಳ ಉಗುರಿನಗಲ.
ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು,
ನನಗೇ ತುಂಬಿದಂತಾಯಿತು.

ಮುಂದಿನ ಮಂಗಳವಾರ ಬಂದಳು. ಡಬ್ಬಿ ಇರಲಿಲ್ಲ.
ಕೋಟಿನ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದಳು:
ಅವಳ ಗಂಡ ಐವರ್‌ನದು, ಮೂತ್ರ ಪರೀಕ್ಷೆ, ಆಸ್ಪತ್ರೆಯದು.
ಎಡಕ್ಕೆ ಔಷಧಿಗಳ ಹೆಸರು, ಒಂದೊಂದರ ಎದುರಿಗೂ
ಅದೇ ಅಕ್ಷರ, ಆರ್, ಆರ್, ಆರ್,
ಶೆಡ್ಡಿನ ಫ್ಯಾನು ತಿರುಗುವ ಸದ್ದಿನ ಹಾಗೆ.
ನಾಲ್ಕನೇ ಶೆಡ್ಡು ಗುಡಿಸುವವನು ಐವರ್.
ಅದನ್ನು ಅವಳೂ ಹೇಳಲಿಲ್ಲ, ನಾನೂ.

"ನಿನ್ನ ಆ ಸೀಸೆಯಲ್ಲಿ ಇರುವುದು," ಅಂದಳು,
"ಮನುಷ್ಯರಿಗೆ ಆಗುತ್ತದೆಯೇ?"

ತಟ್ಟೆಗೆ ಹೊಟ್ಟೆಯಿಲ್ಲ, ಪಿತ್ತವಿಲ್ಲ, ಮೂತ್ರಕೋಶವಿಲ್ಲ.
ತಟ್ಟೆಗೆ ಎಪ್ಪತ್ತೊಂದು ವರ್ಷವಾಗಿಲ್ಲ.
ಇಷ್ಟನ್ನು ಅವಳ ಭಾಷೆಯಲ್ಲಿ ಹೇಳುವಾಗ
ಯಾಕೋ ಬಹಳ ಚಿಕ್ಕದಾಯಿತು: ಇಲ್ಲ, ಇನ್ನೂ ಇಲ್ಲ.
ಮೇವಿನ ಬೆಲೆ ಕೇಳಿಸಿಕೊಂಡವಳಂತೆ ತಲೆಯಾಡಿಸಿದಳು.
ಪಟ್ಟಿಯ ಕಡೆಯಲ್ಲಿ ಒಂದೇ ಒಂದು ಉಳಿದಿತ್ತು,
ನರಕ್ಕೆ ಹನಿಹನಿಯಾಗಿ ಇಳಿಸುವಂಥದ್ದು.
ಅದರ ಮೇಲೆ ಬೆರಳಿಟ್ಟೆ. ಇದಿದೆ, ಅಂದೆ.
ಇದನ್ನಾದರೂ ಕೋಳಿಗಳ ನೀರಿಗೆ ಹಾಕದಿರಲಿ ಅಂತ
ಮನಸ್ಸಿನಲ್ಲಿ.

ಇಳಿಯುವಾಗ ಮೆಟ್ಟಿಲ ಕಿಟಕಿಯ ಹತ್ತಿರ ನಿಂತಳು.
ಎಲೆಯೊಂದನ್ನು ಹಿಸುಕಿ ಬೆರಳು ಮೂಸಿದಳು.
"ಈಸ್ಟರಿನ ಕುರಿಮಾಂಸದ ವಾಸನೆ."
ಒಂದು ಕಡ್ಡಿ ಮುರಿದುಕೊಟ್ಟೆ,
ಜೇಬಿನಲ್ಲಿ, ಆ ಕಾಗದದ ಪಕ್ಕದಲ್ಲೇ ಇಟ್ಟಳು.
"ನೀರು ಜಾಸ್ತಿ ಬೇಕೇನು ಇದಕ್ಕೆ?"
ಬೇಡ, ಅಂದೆ. ಇಬ್ಬನಿ ಹೆಪ್ಪುಗಟ್ಟುವ ರಾತ್ರಿ
ಒಳಗೆ ತಂದಿಡಿ, ಅಷ್ಟೇ.